ಮೂರನೇ ಬೇಸಿನ ಮೇಷ್ಟ್ರ ಕೈ

ಹೊಸದಾಗಿ ಸಾಫ್ಟ್‌ಬಾಲ್ ಅಂಪೈರಿಂಗಿಗೆ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದ್ದಾರೆ. ನಿವೃತ್ತನ ಕೈಗೆ ಪೆನ್ನು ಕೊಟ್ಟು ನಾಲ್ಕೇ ಮಾತು ನಿರೀಕ್ಷಿಸುವವರ ಧೈರ್ಯ ದೊಡ್ಡದು. ನಾನು ಯಾವಾಗ ಯಾವ ಪರೀಕ್ಷೆ ಪಾಸು ಮಾಡಿದೆ, ಯಾವ ಪ್ಯಾನೆಲ್ಲಿಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ. ಕೋಚುಗಳ ಕೈಗಳ ಬಗ್ಗೆ ಬರೆಯುತ್ತೇನೆ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ಚೆಂಡನ್ನಲ್ಲ, ಮೂರನೇ ಬೇಸಿನ ಪಕ್ಕ ನಿಂತಿರುವ ಮನುಷ್ಯನ ಎರಡು ಕೈಗಳನ್ನು.

ವಾರದ ದಿನಗಳಲ್ಲಿ ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ನಾನು ಹೇಳಿದ್ದನ್ನು ಅಟೆಂಡರ್ ಕೂಡ ಕೇಳುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ನೀಲಿ ಅಂಗಿ ತೊಟ್ಟು ಮೈದಾನಕ್ಕೆ ಇಳಿದು ಮುಷ್ಟಿ ಎತ್ತಿದರೆ, ಆರಡಿ ಎತ್ತರದ ಗಂಡಸರು ತಲೆ ತಗ್ಗಿಸಿ ಆಚೆ ನಡೆಯುತ್ತಿದ್ದರು. ಇದರಲ್ಲಿ ಯಾವುದು ಹೊಟ್ಟೆಪಾಡು, ಯಾವುದು ವೃತ್ತಿ ಎಂದು ನೀವೇ ತೀರ್ಮಾನಿಸಿ.

ನಮ್ಮ ಆಟ ಯಾರಿಗೂ ಗೊತ್ತಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡಿ. ಅಂಪೈರ್ ಎಂದ ಕೂಡಲೇ ಎದುರಿನವರ ಮುಖ ಅರಳುತ್ತದೆ. ಸಾಫ್ಟ್‌ಬಾಲ್ ಎಂದ ಕೂಡಲೇ ಬಾಡುತ್ತದೆ. ಬನಶಂಕರಿಯಿಂದ ಜಯನಗರದ ಮೈದಾನಕ್ಕೆ ಹೊರಟಾಗ ಆಟೋದವನೊಬ್ಬ ನನ್ನ ಕೈಯಲ್ಲಿದ್ದ ಮುಖರಕ್ಷೆ ನೋಡಿ, "ವೆಲ್ಡಿಂಗ್ ಕೆಲ್ಸಾನಾ ಸಾರ್? ನಮ್ಮನೆ ಗೇಟು ಸ್ವಲ್ಪ ಬಿಟ್ಕೊಂಡಿದೆ" ಎಂದಿದ್ದ. ನಾನು ವಿವರಿಸಿದೆ. ಅವನು ಕೊನೆಯವರೆಗೂ ಕೇಳಿ, "ಅಂದ್ರೆ ವೆಲ್ಡಿಂಗ್ ಬರಲ್ಲ" ಎಂದ.

ಹೊಸಬರಿಗಾಗಿ ಆಟದ ಸಾರ ಇಷ್ಟು. ಮೈದಾನದಲ್ಲಿ ನಾಲ್ಕು ಮೂಲೆ. ಮೂರರಲ್ಲಿ ದಿಂಬಿನಂಥ ಬೇಸು, ನಾಲ್ಕನೆಯದು ಹೋಮ್. ಚೆಂಡು ಹೊಡೆದವರು ಒಂದೊಂದೇ ಬೇಸು ಮುಟ್ಟಿಕೊಂಡು ಸುತ್ತಿ ಹೋಮಿಗೆ ಬಂದರೆ ಒಂದು ರನ್. ಬೇಸು ಬಿಟ್ಟಿದ್ದಾಗ ಚೆಂಡು ಹಿಡಿದ ಎದುರಾಳಿ ಬಂದು ಮುಟ್ಟಿದರೆ ಔಟ್, ಅಷ್ಟರೊಳಗೆ ಬೇಸು ಮುಟ್ಟಿದ್ದರೆ ಸೇಫ್. ಮೂವರು ಔಟಾದರೆ ಸರದಿ ಮುಗಿಯಿತು.

ಮೂರನೇ ಬೇಸಿನ ಪಕ್ಕ ಸುಣ್ಣದ ಗೆರೆಯೊಳಗೆ ಬ್ಯಾಟಿಂಗ್ ತಂಡದ ಕೋಚ್ ನಿಲ್ಲಬಹುದು. ಕೂಗಬಹುದು, ಕುಣಿಯಬಹುದು, ನೆಲಕ್ಕೆ ಅಡ್ಡಬಿದ್ದು "ಜಾರು" ಎಂದು ತೋರಿಸಲೂಬಹುದು. ಆದರೆ ಚೆಂಡು ಆಟದಲ್ಲಿರುವಾಗ ಓಡುವವರಿಗೆ ಕೈ ಹಾಕಿ ಸಹಾಯ ಮಾಡುವಂತಿಲ್ಲ. ಮುಂದಕ್ಕೆ ತಳ್ಳುವಂತಿಲ್ಲ, ಹಿಂದಕ್ಕೆ ಎಳೆಯುವಂತಿಲ್ಲ, ಬಿದ್ದರೆ ಎತ್ತುವಂತಿಲ್ಲ. ಮಾಡಿದರೆ ಓಡಿದವರು ಔಟ್. ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ. ಈ ಒಂದು ವಿಷಯದಲ್ಲಿ ಸಾಫ್ಟ್‌ಬಾಲು ಸಂಸಾರಕ್ಕೆ ಬಹಳ ಹತ್ತಿರ.

ಈ ಒಂದು ನಿಯಮದ ಮೇಲೆ ಶ್ರೀನಗರದ ಕಡೆಯ ಹೆಣ್ಣುಮಕ್ಕಳ ಒಂದು ತಂಡದ ಮೈದಾನವೇ ನಿಂತುಬಿಟ್ಟಿತ್ತು. ಫೈನಲ್ ಗೆದ್ದರೆ ಅವರಿಗೆ ಅಭ್ಯಾಸಕ್ಕೆ ಮೈದಾನ ಉಂಟು, ಸೋತರೆ ಇಲ್ಲ. ಮೂರನೇ ಬೇಸಿನಲ್ಲಿ ತೀರ್ಪು ಕೊಡಬೇಕಾದವನು ನಾನು. ಅದನ್ನು ಹೇಳಲೆಂದೇ ಪೆನ್ನು ಹಿಡಿದದ್ದು. ಆದರೆ ಕೈ ಎಂದರೇನು ಎಂದು ನಾನು ಹೇಗೆ ಕಲಿತೆ ಎಂಬುದನ್ನು ಹೇಳದೆ ನೇರ ಅಲ್ಲಿಗೆ ಹೋದರೆ, ನೀವು ನನ್ನನ್ನು ಕಲ್ಲು ಹೃದಯದವನು ಎಂದುಕೊಳ್ಳುತ್ತೀರಿ. ಈಗಾಗಲೇ ಹಾಗೆ ಅಂದುಕೊಂಡವರು ಹನುಮಂತನಗರದವರೆಗೂ ಇದ್ದಾರೆ.

ನನ್ನ ಗುರುಗಳು ರಂಗಸ್ವಾಮಿ ಸಾರ್, ಆಗಿನ ನಮ್ಮ ಹಿರಿಯ ಅಂಪೈರ್. ನಕ್ಕಿದ್ದನ್ನು ನೋಡಿದವರಿಲ್ಲ. ಅವರ ಸಿದ್ಧಾಂತ ಒಂದೇ: ಮುಟ್ಟುವುದು ಬೇರೆ, ಸಹಾಯ ಮಾಡುವುದು ಬೇರೆ. ಭೇಷ್ ಎಂದು ಬೆನ್ನು ತಟ್ಟಿದರೆ ಅದು ಮುಟ್ಟಿದ್ದು, ಅದರಿಂದ ಯಾರೂ ಔಟಾಗುವುದಿಲ್ಲ. ಅದೇ ಬೆನ್ನನ್ನು ಹೋಮಿನ ಕಡೆ ನೂಕಿದರೆ ಔಟ್. ಎರಡಕ್ಕೂ ನಡುವೆ ಇರುವ ವ್ಯತ್ಯಾಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಅದನ್ನು ಕಲಿಸಲು ಅವರು ನನ್ನನ್ನು ಮೈದಾನಕ್ಕೆ ಕರೆದೊಯ್ಯಲಿಲ್ಲ. ಆಫೀಸು ಬಿಡುವ ಹೊತ್ತಿಗೆ ಬನಶಂಕರಿ ಬಸ್‌ಸ್ಟ್ಯಾಂಡಿಗೆ ಕರೆದೊಯ್ದರು.

"ನೋಡ್ರಿ, ಕಂಡಕ್ಟರ್ ಟಿಕೆಟ್ ಕೇಳೋಕೆ ಭುಜ ತಟ್ತಾನೆ. ಅದು ಮುಟ್ಟೋದು. ಫುಟ್‌ಬೋರ್ಡಲ್ಲಿ ನಿಂತೋನ ಬೆನ್ನಿಗೆ ಕೈಯಿಟ್ಟು ಒಳಗೆ ಕಳಿಸ್ತಾನೆ. ಅದು ಸಹಾಯ. ಬಸ್ ಬರ್ತಾ ಇದೆ, ಹೇಳ್ತಾ ಹೋಗಿ. ಮುಖ ನೋಡ್ಬೇಡಿ, ಮುಖ ಸುಳ್ಳು ಹೇಳುತ್ತೆ. ಕೈ ನೋಡಿ."

ನಾನು ಬಸ್ಸಿನ ಬಾಗಿಲಿಗೆ ನೇರವಾಗಿ ನಿಂತು, ಸೊಂಟ ಬಗ್ಗಿಸಿ, ಕೈ ಚಾಚಿ ತೀರ್ಪು ಕೊಡತೊಡಗಿದೆ. ಸೇಫ್. ಸೇಫ್. ಔಟ್. ಆರೆಂಟು ಬಸ್ಸು ಹೋದ ಮೇಲೆ ಒಬ್ಬ ಕಂಡಕ್ಟರ್ ಇಳಿದು ನನ್ನ ಹತ್ತಿರವೇ ಬಂದ.

"ಎಲ್ಲಿಗೆ ಸಾರ್?"

"ಎಲ್ಲಿಗೂ ಇಲ್ಲ."

"ಮತ್ತೆ ನನ್ನ ಯಾಕ್ ಔಟ್ ಅಂತಿದೀರಿ? ಆ ಅಜ್ಜಿ ಹತ್ತೋಕಾಗ್ದೆ ಒದ್ದಾಡ್ತಿದ್ರು, ಹತ್ತಿಸ್ದೆ."

"ಅದಕ್ಕೇ ಔಟು" ಎಂದರು ರಂಗಸ್ವಾಮಿ ಸಾರ್, ಹಿಂದಿನಿಂದ. "ನೀವಲ್ಲ, ಅಜ್ಜಿ."

ಅಜ್ಜಿ ಅಷ್ಟರಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತಾಗಿತ್ತು. ಆ ತೀರ್ಪನ್ನು ಜಾರಿಗೊಳಿಸುವ ಅಧಿಕಾರ ನಮಗಿರಲಿಲ್ಲ.

ಹೀಗೆ ತಯಾರಾದ ಕಣ್ಣನ್ನು ಹೊತ್ತುಕೊಂಡು ನಾನು ಜೆ.ಪಿ. ನಗರದ ಒಂದು ಶಾಲಾ ಪಂದ್ಯಕ್ಕೆ ಹೋದೆ. ಸಣ್ಣ ಮಕ್ಕಳ ಆಟ. ಎರಡನೇ ಬೇಸಿನಿಂದ ಮೂರನೇ ಬೇಸಿಗೆ ಓಡುತ್ತಿದ್ದ ಹುಡುಗಿ ಎಡವಿ ಬಿದ್ದಳು. ಕೋಚ್ ಒಳ್ಳೆಯ ಶಿಸ್ತಿನವನು, ಜಾಗ ಬಿಟ್ಟು ಅಲ್ಲಾಡಲಿಲ್ಲ. ಆದರೆ ಬೇಲಿಯ ಸಂದಿನಿಂದ ಒಬ್ಬ ಹೆಂಗಸು, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಸೆರಗು ಹಿಡಿದು ಓಡಿಬಂದು ಮಗುವನ್ನು ಎತ್ತಿ ನಿಲ್ಲಿಸಿ, ಮಂಡಿಯ ಮಣ್ಣು ಒರೆಸಿ, ಮೂರನೇ ಬೇಸಿನವರೆಗೂ ಕೈಹಿಡಿದು ಬಿಟ್ಟು ಬಂದರು. ನಾನು ಔಟ್ ಕೊಟ್ಟೆ.

"ನಾನು ಕೋಚ್ ಅಲ್ಲ ಸಾರ್" ಎಂದರು ಆಕೆ. "ಅಮ್ಮ."

ನಿಯಮ ಕೋಚಿಗೆ ಮಾತ್ರ ಇರುವುದಲ್ಲ, ಅದೇ ತಂಡದ ಇನ್ನೊಬ್ಬ ಓಟಗಾರನನ್ನು ಬಿಟ್ಟು ಬೇರೆ ಯಾರು ಸಹಾಯ ಮಾಡಿದರೂ ಔಟು ಎಂದು ನಾನು ಸಾವಧಾನವಾಗಿ ವಿವರಿಸಿದೆ.

"ಓಡೋರು ಎತ್ತಬಹುದಾ?"

"ಎತ್ತಬಹುದು ಮೇಡಂ."

"ನಾನೂ ಓಡ್ಕೊಂಡೇ ಬಂದಿದ್ದು."

ಆಗ ನಾನು ಮಾಡಿದ್ದು, ನೀವೂ ಮಾಡಬೇಕಾದ್ದು ಇದೇ: ಮುಂದಿನ ಬ್ಯಾಟರನ್ನು ಕರೆಯುವುದು.

ಆಮೇಲೆ ಬಿ.ಟಿ.ಎಂ. ಕಡೆಯ ಒಂದು ಕಂಪನಿಯ ಕ್ರೀಡಾದಿನ. ಅಲ್ಲಿ ಮೂರನೇ ಬೇಸಿನ ಕೋಚ್ ಸ್ವತಃ ಮ್ಯಾನೇಜರು. ಓಡಿ ಸುಸ್ತಾದ ಉದ್ಯೋಗಿಯೊಬ್ಬ ಮೂರನೇ ಬೇಸಿನಲ್ಲಿ ಮಂಡಿಯೂರಿ ಕೂತ. ಮ್ಯಾನೇಜರು ಅವನನ್ನು ಅನಾಮತ್ತಾಗಿ ಹೆಗಲಿಗೆ ಹಾಕಿಕೊಂಡು ಹೋಮಿನವರೆಗೂ ಓಡಿ ಇಳಿಸಿದರು. ಚಪ್ಪಾಳೆಯೋ ಚಪ್ಪಾಳೆ. ನಾನು ಔಟ್ ಎಂದೆ. ಮ್ಯಾನೇಜರು, "ಇದು ಟೀಮ್ ಸ್ಪಿರಿಟ್ ಸಾರ್" ಎಂದರು. ಹೆಗಲಿಂದ ಇಳಿದವನು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಔಟ್ ಕೊಟ್ಟಿದ್ದು ಸರಿ ಸಾರ್. ನಂಗೂ ಇಷ್ಟ ಇರ್ಲಿಲ್ಲ. ಮುಂದಿನ ತಿಂಗಳು ಅಪ್ರೈಸಲ್ ಇದೆ, ಇಳಿಸಿ ಅನ್ನೋಕಾಗುತ್ತಾ?"

ಕಾಲ ಬದಲಾದದ್ದನ್ನೂ ಒಂದು ಮಾತು ಹೇಳಬೇಕು. ನಾವು ಶುರುಮಾಡಿದಾಗ ಅಂಪೈರ್ ಕಂಡದ್ದೇ ಸತ್ಯ. ತಪ್ಪು ಕಂಡರೂ ಅದು ಅಧಿಕೃತ ತಪ್ಪು. ಈಗ ಪ್ರತಿ ಬೇಲಿಯ ಮೇಲೂ ಹತ್ತು ಮೊಬೈಲು. ತಂದೆಯರು ಪಂದ್ಯದ ನಡುವೆ ಬಂದು ವಿಡಿಯೋ ತೋರಿಸುತ್ತಾರೆ, ಅದೂ ನಿಧಾನಗತಿಯಲ್ಲಿ. ನಿಧಾನಗತಿಯಲ್ಲಿ ನೋಡಬೇಡಿ. ಎಷ್ಟೇ ಜೋರಾಗಿ ತಳ್ಳಿದ್ದರೂ ನಿಧಾನಗತಿಯಲ್ಲಿ ಅದು ಮೈದಡವಿದ ಹಾಗೆ ಕಾಣುತ್ತದೆ.

ಈಗ ಗೋಪಾಲ ಮೇಷ್ಟ್ರು.

ಶ್ರೀನಗರದ ಪಕ್ಕದ ಒಂದು ಶಾಲೆಯಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು. ಬೆಳಗ್ಗೆ ಶಾಲೆ ಶುರುವಾಗುವ ಮುಂಚೆ, ಸಂಜೆ ಬಿಟ್ಟ ಮೇಲೆ, ಅದೇ ಶಾಲೆಯ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ಹೇಳಿಕೊಡುತ್ತಿದ್ದರು. ಬಂಗಾರದಂಥ ಮನುಷ್ಯ. ಅವರಲ್ಲಿ ಇದ್ದ ದೋಷ ಒಂದೇ. ಕೈ ಬಳಸದೆ ಮಾತಾಡಲು ಬರುತ್ತಿರಲಿಲ್ಲ. ಟೀಗೆ ಕರೆದರೆ ಮೊಣಕೈ ಹಿಡಿದೇ ಕರೆದೊಯ್ಯುವರು. ಜೋಕು ಹೇಳಿದರೆ ತೊಡೆ ತಟ್ಟಿ ನಗುವರು, ತಮ್ಮ ತೊಡೆಯಲ್ಲ. ಇಂಥವರನ್ನು ಮೂರನೇ ಬೇಸಿನ ಪಕ್ಕ ನಿಲ್ಲಿಸುವುದೆಂದರೆ ಸಿಹಿತಿಂಡಿಯ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯವರನ್ನು ಕಾವಲಿಗೆ ಇಟ್ಟ ಹಾಗೆ.

ಹಿಂದಿನ ವರ್ಷ ಸೆಮಿಫೈನಲ್ಲಿನಲ್ಲಿ ಬೇಸು ದಾಟಿ ಓಡಿದ ಹುಡುಗಿಯನ್ನು ಅಂಗಿ ಹಿಡಿದು ಹಿಂದಕ್ಕೆ ಎಳೆದಿದ್ದರು. ನಾನೇ ಔಟ್ ಕೊಟ್ಟಿದ್ದೆ.

"ಸಾರ್, ನಾನು ಹಿಡ್ದಿದ್ದು ಅಂಗೀನ. ಹುಡುಗೀನಲ್ಲ."

"ಅಂಗಿ ಒಂದೇ ವಾಪಸ್ ಬಂದಿದ್ರೆ ಸೇಫ್ ಕೊಡ್ತಿದ್ದೆ ಮೇಷ್ಟ್ರೇ. ಜೊತೆಗೆ ಅವಳೂ ಬಂದ್ಲು."

ಅವರು ನನ್ನ ಭುಜದ ಮೇಲೆ ಕೈಹಾಕಿ, "ನೀವು ಹೇಳೋದೂ ಸರಿ" ಎಂದು ಹೋದರು. ಆ ಕೈಯನ್ನು ಎತ್ತಿ ಕೆಳಗಿಳಿಸಲು ನನಗೂ ಮನಸ್ಸು ಬರಲಿಲ್ಲ.

ಮರುವರ್ಷ ಶಾಲೆಗೆ ಹೊಸ ಹೆಡ್‌ಮಿಸ್ಟ್ರೆಸ್ ಬಂದರು, ವಸುಂಧರಾ ಮೇಡಂ. ಗಣಿತದವರು. ಒಂದು ಕ್ರಿಕೆಟ್ ಕೋಚಿಂಗ್ ಸಂಸ್ಥೆಯವರು ಆ ಮೈದಾನ ತಮಗೆ ಬಿಟ್ಟುಕೊಡಿ ಎಂದು ಕೇಳಿಕೊಂಡು ಬಂದಿದ್ದರು. ನೆಟ್ ಹಾಕಿಸುತ್ತೇವೆ, ಕಾಂಪೌಂಡಿಗೆ ಬಣ್ಣ ಬಳಿಸುತ್ತೇವೆ ಎಂದಿದ್ದರು. ಮೇಡಂ ಗೋಪಾಲ ಮೇಷ್ಟ್ರನ್ನು ಕರೆಸಿ, "ನಿಮ್ಮ ಆಟದಿಂದ ಸ್ಕೂಲಿಗೆ ಇದುವರೆಗೂ ಒಂದು ಕಪ್ ಬಂದಿಲ್ಲ. ಈ ಸಲ ತಂದ್ರೆ ಮೈದಾನ ನಿಮ್ದು. ಇಲ್ದಿದ್ರೆ ಕ್ರಿಕೆಟ್‌ನವರಿಗೆ ಹ್ಞೂಂ ಅಂತೀನಿ" ಎಂದುಬಿಟ್ಟರು. ಬೇರೆ ಮೈದಾನ ಬೇಕೆಂದರೆ ಆ ಮಕ್ಕಳು ಅಂಜನಾಪುರದವರೆಗೆ ಹೋಗಬೇಕು. ಯಾವ ಅಪ್ಪ ಅಮ್ಮ ಮುಂಜಾನೆ ಅಷ್ಟು ದೂರ ಕಳಿಸುತ್ತಾರೆ? ಅಂದರೆ ತಂಡವೇ ಮುಗಿದ ಹಾಗೆ.

ಇದೆಲ್ಲ ಅಂಪೈರಿಗೆ ತಿಳಿದಿರಬಾರದು. ಅಂಪೈರಿಗೆ ತಿಳಿದಿರಬಾರದ ಸಂಗತಿಗಳೆಲ್ಲ ಅಂಪೈರಿಗೇ ಮೊದಲು ತಿಳಿಯುವುದು ಈ ವೃತ್ತಿಯ ಶಾಪ. ಪಂದ್ಯದ ಮುಂಚೆ ಕಾಫಿ ಕೊಟ್ಟವನೇ ಪೂರ್ತಿ ಹೇಳಿದ.

ಫೈನಲ್ಲಿನ ದಿನ ಗೋಪಾಲ ಮೇಷ್ಟ್ರು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡು ಬಂದರು. ಮೊಣಕೈವರೆಗೂ ಇಳಿದಿದ್ದವು.

"ನಮ್ಮ ಮನೆಯವ್ರು ಹೊಲಿದುಕೊಟ್ಟಿದ್ದು ಸಾರ್" ಎಂದರು, ಹೆಮ್ಮೆಯಿಂದ. "ಹಳೇ ಜೇಬಿಗೆ ಕೆಳಗಿಂದ ಇನ್ನೊಂದು ಜೋಡಿಸಿದಾರೆ. ಒಳಗೆ ಹೋದ ಕೈ ಬೇಗ ಬರಲ್ಲ."

ಹಾಗೆ ನಿಂತು ಅವರು ಇಡೀ ಪಂದ್ಯವನ್ನು ಗದ್ದದಿಂದ ನಡೆಸಿದರು. ಓಡು ಎನ್ನಲು ಗದ್ದ ಮುಂದಕ್ಕೆ, ನಿಲ್ಲು ಎನ್ನಲು ಗದ್ದ ಎದೆಗೆ. ಎದುರು ಜಯನಗರದ ಬಲವಾದ ತಂಡ. ಅದರ ಕೋಚ್ ಶೀಲಾ ಮೇಡಂ, ನಿಯಮಪುಸ್ತಕವನ್ನು ನನಗಿಂತ ಚೆನ್ನಾಗಿ ಓದಿಕೊಂಡವರು. ವಸುಂಧರಾ ಮೇಡಂ ಬೇಲಿಯಾಚೆ ಕೊಡೆ ಬಿಡಿಸಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಆಟ ಅವರಿಗೆ ಎಳ್ಳಷ್ಟೂ ತಿಳಿಯದು ಎಂಬುದು ಅವರು ಎರಡೂ ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದುದರಿಂದ ಗೊತ್ತಾಗುತ್ತಿತ್ತು.

ಕೊನೆಯ ಸರದಿ ಬಂತು. ಮೇಷ್ಟ್ರ ತಂಡ ಬ್ಯಾಟಿಂಗ್, ಒಂದು ರನ್ ಹಿಂದೆ. ಆಗಲೇ ಇಬ್ಬರು ಔಟು. ಇನ್ನೊಂದು ಔಟಾದರೆ ಪಂದ್ಯ, ಕಪ್, ಮೈದಾನ ಎಲ್ಲವೂ ಒಟ್ಟಿಗೆ ಹೋದ ಹಾಗೆ. ಮೊದಲ ಬೇಸಿನಲ್ಲಿ ಭವ್ಯ ಎಂಬ ಹುಡುಗಿ. ತಂಡದಲ್ಲಿ ಅವಳಷ್ಟು ವೇಗದವರಿಲ್ಲ, ಅವಳಷ್ಟು ವಿಧೇಯರೂ ಇಲ್ಲ.

ಬ್ಯಾಟರ್ ಚೆಂಡನ್ನು ಬಲಗಡೆಗೆ ದೂರ ಹೊಡೆದಳು. ಮೇಷ್ಟ್ರ ಗದ್ದ ಗಾಳಿಯಂತ್ರದ ಹಾಗೆ ಸುತ್ತತೊಡಗಿತು. ಭವ್ಯ ಎರಡನೇ ಬೇಸು ದಾಟಿ, ಜಾರಿ, ಧೂಳೆಬ್ಬಿಸಿಕೊಂಡು ಮೂರನೇ ಬೇಸಿಗೆ ಬಂದು ಬಿದ್ದಳು. ದೂರದಿಂದ ಬಂದ ಚೆಂಡು ಅಲ್ಲಿನ ಫೀಲ್ಡರ್ ಹುಡುಗಿಯ ಕೈಗವಸಿಗೆ ಬಡಿದು ಪಕ್ಕಕ್ಕೆ ಉರುಳಿತು. ನಾನು ಸೇಫ್ ಎಂದೆ.

ಇಲ್ಲಿ ಒಂದು ಪದ್ಧತಿಯನ್ನು ಹೇಳಬೇಕು. ಮೇಷ್ಟ್ರ ತಂಡದಲ್ಲಿ ಯಾವ ಹುಡುಗಿಯೂ ಅವರ ಕಾಲು ಮುಟ್ಟದೆ ಮೈದಾನಕ್ಕೆ ಇಳಿಯುತ್ತಿರಲಿಲ್ಲ. ದೊಡ್ಡದೇನಾದರೂ ಸಾಧಿಸಿದರೆ ಮತ್ತೊಮ್ಮೆ ಮುಟ್ಟುತ್ತಿದ್ದರು. ಭವ್ಯ ಜೀವನದ ದೊಡ್ಡ ಓಟ ಓಡಿ ಬಂದಿದ್ದಾಳೆ, ಎದುರಿಗೇ ಗುರುಗಳು. ಅವಳು ಎದ್ದು, ಮಣ್ಣು ಕೊಡವಿಕೊಂಡು, ಬೇಸು ಬಿಟ್ಟು ಎರಡು ಹೆಜ್ಜೆ ಇಟ್ಟು, ಕಾಲಿಗೆ ಬಗ್ಗಿದಳು. ಚೆಂಡು ಇನ್ನೂ ಆಟದಲ್ಲಿದೆ. ಫೀಲ್ಡರ್ ಹುಡುಗಿ ಅದನ್ನು ಎತ್ತಿಕೊಂಡು ತಿರುಗಿದ್ದಾಳೆ.

ಮೇಷ್ಟ್ರು ನೋಡಿದರು. ಅವರ ಮುಂದೆ ಇದ್ದದ್ದು ಎರಡೇ ದಾರಿ. ಸುಮ್ಮನಿದ್ದರೆ ಫೀಲ್ಡರ್ ಮುಟ್ಟಿ ಔಟು. ಹಿಡಿದು ಬೇಸಿಗೆ ದಬ್ಬಿದರೆ ನಾನು ಔಟು ಕೊಡುವೆ. "ಬೇಸು, ಬೇಸು ಭವ್ಯ" ಎಂದು ಕೂಗಿದರು. ತಲೆ ಬಗ್ಗಿಸಿದವಳಿಗೆ ಅದು ಆಶೀರ್ವಾದದಂತೆ ಕೇಳಿಸಿರಬೇಕು. ಬಗ್ಗುತ್ತಲೇ ಇದ್ದಳು.

ಆಗ ಮೇಷ್ಟ್ರು, ಜೇಬಿನಿಂದ ಕೈ ತೆಗೆಯದೆಯೇ, ಓಡಿದರು. ಅವಳನ್ನು ಬಳಸಿಕೊಂಡು ಬೇಸಿನ ಆಚೆ ಬದಿಗೆ ಹೋಗಿ ನಿಂತರು. ಗುರುಪಾದಗಳು ಜಾಗ ಬದಲಿಸಿದ್ದನ್ನು ಕಂಡ ಭವ್ಯ, ಬಗ್ಗಿದ ಭಂಗಿಯಲ್ಲೇ ತಿರುಗಿ ಆ ಕ್ಯಾನ್ವಾಸ್ ಶೂಗಳನ್ನು ಹಿಂಬಾಲಿಸಿದಳು. ಅವಳ ಕಾಲು ಬೇಸಿನ ಮೇಲೆ ಬಿದ್ದಿತು, ಬೆರಳು ಶೂಗೆ ತಾಗಿತು, ಆಮೇಲೆ ಫೀಲ್ಡರಿನ ಕೈಗವಸು ಅವಳ ಬೆನ್ನಿಗೆ ಬಿತ್ತು.

ಸೇಫ್.

ಶೀಲಾ ಮೇಡಂ ಆಟಕ್ಕೆ ವಿರಾಮ ಕೇಳಿ ಮೈದಾನದೊಳಗೆ ಬಂದರು. "ಸಾರ್, ಇದು ಸಹಾಯ."

"ಕೈ ಹಾಕಲಿಲ್ಲ ಮೇಡಂ. ಕೈ ಎಲ್ಲಿದೆ ನೋಡಿ."

"ಕಾಲು ಹಾಕಿದ್ರು."

"ಹಾಕಲಿಲ್ಲ. ಇವ್ರು ಕಾಲು ತಗೊಂಡು ಆ ಕಡೆ ಹೋದ್ರು, ಅವಳಾಗೇ ಬಂದು ಮುಟ್ಟಿದ್ಲು. ನಿಮ್ಮ ಫೀಲ್ಡರ್‌ಗೆ ಅಡ್ಡ ಬಂದ್ರಾ?"

"ಬರ್ಲಿಲ್ಲ. ಆದ್ರೆ ಅವಳನ್ನ ಬೇಸಿಗೆ ಕರ್ಕೊಂಡ್ ಬಂದಿದ್ದು ಆ ಕಾಲೇ ತಾನೆ?"

"ಗುರುಭಕ್ತಿ ಮೇಡಂ. ಅದಕ್ಕೆ ಪುಸ್ತಕದಲ್ಲಿ ನಿಷೇಧ ಇಲ್ಲ."

"ಮುಂದಿನ ಸಲ ನಮ್ಮ ಹುಡುಗೀರಿಗೂ ಹೇಳ್ಕೊಡ್ತೀನಿ" ಎಂದು ಶೀಲಾ ಮೇಡಂ ಹಿಂದಿರುಗಿದರು.

ಮೇಷ್ಟ್ರ ಹಣೆಯಲ್ಲಿ ಬೆವರು. ಒರೆಸಿಕೊಳ್ಳಲು ಕೈ ಇಲ್ಲ. ಭವ್ಯಳ ಕಡೆ ಬಗ್ಗಿ, ನನಗೂ ಕೇಳಿಸುವಷ್ಟು ಗಟ್ಟಿಯಾಗಿ ಗದರಿದರು: "ಭೂಕಂಪ ಆದ್ರೂ ಬೇಸು ಬಿಡಬಾರ್ದು. ತಿಳೀತಾ? ಬಿಡಬಾರ್ದು."

"ಆಯ್ತು ಸಾರ್" ಎಂದಳು ಆ ಮಗು. ನಾನು ಆಗಲೇ ಹೇಳಿದೆ, ಬಹಳ ವಿಧೇಯೆ.

ಮುಂದಿನ ಬ್ಯಾಟರ್ ಚೆಂಡನ್ನು ಮೆಲ್ಲಗೆ ತಟ್ಟಿದಳು. ಅದು ಚೆಂಡೆಸೆಯುವ ಪಿಚರ್ ಪಕ್ಕದಿಂದ ನುಸುಳಿ, ಯಾರೂ ಇಲ್ಲದ ಕಡೆಗೆ, ಸಂಜೆ ವಾಕಿಂಗ್ ಹೊರಟ ಹಿರಿಯರ ಹಾಗೆ ನಿಧಾನವಾಗಿ ಉರುಳಿತು. ಇಬ್ಬರು ಔಟಾಗಿರುವಾಗ ಚೆಂಡು ಬ್ಯಾಟಿಗೆ ತಗುಲಿದ ಕೂಡಲೇ ಎಲ್ಲರೂ ಓಡಬೇಕು. ಭವ್ಯ ಓಡಿದರೆ ಸ್ಕೋರು ಸಮ. ಭವ್ಯ ಓಡಲಿಲ್ಲ. ಎರಡು ಕಾಲನ್ನೂ ಬೇಸಿನ ಮೇಲೆ ಊರಿ, ಭೂಕಂಪಕ್ಕೆ ಸಿದ್ಧಳಾಗಿ ನಿಂತಳು.

ಮೇಷ್ಟ್ರು ಗದ್ದ ಚಾಚಿದರು. "ಓಡು" ಎಂದರು. "ಓಡಮ್ಮ, ಓಡು ತಾಯಿ" ಎಂದರು. ಅವಳು ಒಮ್ಮೆ ಚೆಂಡನ್ನು, ಒಮ್ಮೆ ಅವರನ್ನು ನೋಡಿದಳು. ಈಗತಾನೆ ಬಿಡಬಾರದು ಎಂದವರು ಈಗ ಬಿಡು ಎನ್ನುತ್ತಿದ್ದಾರೆ. ಇದೂ ಒಂದು ಪರೀಕ್ಷೆ ಇರಬಹುದು ಎಂದು ಅವಳಿಗೆ ಅನ್ನಿಸಿತಂತೆ, ಆಮೇಲೆ ಅವಳೇ ಹೇಳಿದ್ದು.

ಮೇಷ್ಟ್ರ ಬಲಗೈ ಜೇಬಿನಿಂದ ಹೊರಬಂತು. ಹೇಗೆ ಅಷ್ಟು ಬೇಗ ಬಂತೋ, ಹೊಲಿದವರನ್ನೇ ಕೇಳಬೇಕು. ಅವಳ ಎರಡು ಭುಜದ ನಡುವೆ ಅಂಗೈ ಊರಿ ಹೋಮಿನ ಕಡೆಗೆ ತಳ್ಳಿದರು. ಭವ್ಯ ಬಾಣದ ಹಾಗೆ ಹೊರಟು ಹೋಮ್ ಮುಟ್ಟಿದಳು. ಚೆಂಡು ಅಲ್ಲಿಗೆ ಬಂದದ್ದು ಬಹಳ ಹೊತ್ತಿನ ಮೇಲೆ. ಶ್ರೀನಗರದ ಬೇಲಿ ಕುಣಿಯಿತು. ವಸುಂಧರಾ ಮೇಡಂ ಕೊಡೆ ಮಡಿಸಿ ಎದ್ದು ನಿಂತರು.

ನನ್ನ ಎಡಗೈ ಆಗಲೇ ಪಕ್ಕಕ್ಕೆ ಚಾಚಿಕೊಂಡಿತ್ತು, ಮುಷ್ಟಿ ಬಿಗಿದು. ತಪ್ಪು ಕಂಡಿದ್ದೇನೆ, ಆಟ ನಿಲ್ಲುವವರೆಗೆ ಕಾಯುತ್ತಿದ್ದೇನೆ ಎಂಬುದಕ್ಕೆ ಅದು ಗುರುತು. ಕಾಯುವ ಆ ಕ್ಷಣಗಳಲ್ಲಿ ಎಳೆಯ ಅಂಪೈರುಗಳಿಗೆ ಎಂಥೆಂಥ ಯೋಚನೆ ಬರುತ್ತದೆಂದು ನನಗೆ ಗೊತ್ತು. ಬರಲಿ. ಕೈ ಕೆಳಗಿಳಿಸಬೇಡಿ.

ಆಟ ನಿಂತಿತು. ನಾನು ಔಟ್ ಕೊಟ್ಟೆ. ಮೂರನೇ ಔಟು.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ಬೇಲಿಯ ಕಡೆಯಿಂದ ನನ್ನ ಕಣ್ಣಿನ ಬಗ್ಗೆ, ನನ್ನ ವಂಶದ ಬಗ್ಗೆ ಕೆಲವು ಅಭಿಪ್ರಾಯಗಳು ಬಂದವು. ಒಬ್ಬ ತಂದೆ ಮೊಬೈಲು ಮೇಲೆತ್ತಿಕೊಂಡು ಓಡಿಬಂದರು. "ನೋಡಿ ಅಂಪೈರ್ ಸಾರ್, ಸುಮ್ನೆ ಮುಟ್ಟಿದಾರೆ ಅಷ್ಟೇ, ನೀವೇ ನೋಡಿ."

ನಾನು ಮೊಬೈಲನ್ನು ನೋಡದೆ ಗೋಪಾಲ ಮೇಷ್ಟ್ರ ಕಡೆ ನೋಡಿದೆ. ಅವರು ತಮ್ಮ ಬಲಗೈಯನ್ನು, ಬೇರೆ ಯಾರದೋ ಕೈ ಎಂಬಂತೆ, ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಮುಟ್ಟಿದ್ರಾ ಮೇಷ್ಟ್ರೇ, ತಳ್ಳಿದ್ರಾ?"

ತಂದೆಯೂ ಅವರನ್ನೇ ನೋಡಿದರು. ಮುಟ್ಟಿದೆ ಎಂದರೂ ನನ್ನ ತೀರ್ಪು ಬದಲಾಗುತ್ತಿರಲಿಲ್ಲ. ಆದರೆ ಆ ಬೇಲಿಯ ಎದುರು ಅವರಿಗೆ ಒಂದು ನೆಪ ಸಿಗುತ್ತಿತ್ತು. ಮೈದಾನ ಹೋಗಿದ್ದು ಆ ಕುರುಡ ಅಂಪೈರಿನಿಂದ ಎಂದು ಜೀವಮಾನವಿಡೀ ಹೇಳಿಕೊಳ್ಳಬಹುದಿತ್ತು.

"ತಳ್ಳಿದೆ ಸಾರ್" ಎಂದರು. "ಚೆನ್ನಾಗೇ ತಳ್ಳಿದೆ."

ತಂದೆ ಮೊಬೈಲು ಜೇಬಿಗೆ ಹಾಕಿಕೊಂಡರು. ಹುಡುಗಿಯರು ಅಳಲು ಶುರುಮಾಡಿದರು. ಭವ್ಯ ಹೋಮಿನ ಹತ್ತಿರವೇ ಕೂತು, "ನಾನೇ ಓಡ್ಬೇಕಿತ್ತು, ನಾನೇ ಓಡ್ಬೇಕಿತ್ತು" ಎನ್ನುತ್ತಿದ್ದಳು. ಶೀಲಾ ಮೇಡಂ ಬಂದು ಅವಳಿಗೆ ನೀರು ಕೊಟ್ಟರು. ಪಂದ್ಯ ಮುಗಿದಿದ್ದರಿಂದ ಅದಕ್ಕೆ ಯಾವ ನಿಯಮವೂ ಅಡ್ಡಿಯಿರಲಿಲ್ಲ.

ವಸುಂಧರಾ ಮೇಡಂ ಗೇಟು ದಾಟಿ, ಸುಣ್ಣದ ಗೆರೆಗಳನ್ನು ತುಳಿಯದಂತೆ ಜಾಗ್ರತೆಯಿಂದ ಹೆಜ್ಜೆಯಿಡುತ್ತ ನೇರ ನನ್ನ ಬಳಿ ಬಂದರು. ಮೂವತ್ತು ವರ್ಷ ಗಣಿತ ಕಲಿಸಿದವರು ತಪ್ಪು ಲೆಕ್ಕ ಮಾಡಿದ ಹುಡುಗನ ಡೆಸ್ಕಿನ ಹತ್ತಿರ ಬರುವ ಹಾಗೆ. ನಾನು ಅರಿವಿಲ್ಲದೆ ಟೋಪಿ ತೆಗೆದೆ.

"ಹುಡುಗಿ ಬಂದು ಮುಟ್ಟಿ ಆಯ್ತಲ್ಲ. ಯಾಕೆ ಲೆಕ್ಕಕ್ಕಿಲ್ಲ?"

"ಮೇಷ್ಟ್ರು ಸಹಾಯ ಮಾಡಿದ್ರು ಮೇಡಂ."

"ಏನು ಸಹಾಯ?"

"ಅವಳು ಹೆದರಿ ನಿಂತುಬಿಟ್ಟಿದ್ಲು. ಇವರು ಹಿಂದಿನಿಂದ ತಳ್ಳಿದ್ರು. ಆಮೇಲೆ ಓಡಿದ್ಲು."

"ಅದಕ್ಕೆ ಔಟಾ?"

"ಹೌದು ಮೇಡಂ."

"ಮಗು ಹೆದರಿ ನಿಂತಾಗ ಮೇಷ್ಟ್ರು ಹಿಂದಿನಿಂದ ತಳ್ಳಿದ್ರೆ ತಪ್ಪು?"

"ಚೆಂಡು ಆಟದಲ್ಲಿದ್ದಾಗ ತಪ್ಪು ಮೇಡಂ."

ನಿಯಮದ ಕ್ರಮಸಂಖ್ಯೆ ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳುವುದು ಬೇಡ ಎಂದು ಯಾವುದೋ ಹಳೆಯ ಶಾಲಾಬುದ್ಧಿ ತಡೆಯಿತು.

"ನಮ್ಮ ಸ್ಕೂಲಲ್ಲಿ ಅದಕ್ಕೇ ಕಣ್ರೀ ಸಂಬಳ ಕೊಡೋದು" ಎಂದರು ಮೇಡಂ.

ಮೇಷ್ಟ್ರು ತಲೆ ತಗ್ಗಿಸಿ ಮುಂದೆ ಬಂದರು. "ಮೇಡಂ, ಕಪ್ ತರೋಕಾಗ್ಲಿಲ್ಲ. ನಾಳೆ ಬಂದು ಬ್ಯಾಟು, ಬಾಲು ಎಲ್ಲ ಖಾಲಿ ಮಾಡಿಸ್ತೀನಿ. ಕ್ರಿಕೆಟ್‌ನವರಿಗೆ ಹ್ಞೂಂ ಅಂದುಬಿಡಿ."

"ನೀವು ಸೋತಿದ್ದು ಯಾಕೆ ಅಂತ ನಾನು ಈಗ ಕೇಳಿ ತಿಳ್ಕೊಂಡೆ. ಆಟ ಬರದೆ ಸೋತಿದ್ರೆ ಬೇರೆ ಮಾತು." ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಕ್ರಿಕೆಟ್‌ನವರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತ ನಾನೇ ಫೋನ್ ಮಾಡ್ತೀನಿ. ಬಣ್ಣ ಇಲ್ದಿದ್ರೂ ಕಾಂಪೌಂಡು ನಿಂತ್ಕೊಳುತ್ತೆ. ನೀವು ನಾಳೆ ಬೆಳಗ್ಗೆ ಎಂದಿನ ಹಾಗೆ ಬನ್ನಿ, ಗೇಟು ತೆಗ್ಸಿರ್ತೀನಿ."

ಮೇಡಂ ಆಗಲೇ ಹೊರಟಿದ್ದರು. ಎರಡು ಹೆಜ್ಜೆ ಹೋಗಿ, ಏನೋ ನೆನಪಾದಂತೆ ತಿರುಗಿ ನನ್ನ ಕಡೆ ಗದ್ದದಿಂದ ತೋರಿಸಿದರು.

"ಆ ಹುಡುಗಿಗೆ ತಾನಾಗೇ ಓಡೋದು ಕಲ್ಸಿ ಮೇಷ್ಟ್ರೇ. ನೀವು ತಳ್ಳಿದ್ರೆ, ಪಾಪ, ಇವ್ರಿಗೆ ತಡ್ಕೊಳ್ಳೋಕಾಗಲ್ಲ."